ಕಬ್ಬನ್ ಸಾಹೇಬ ಒಳ್ಳೆಯವನೇ. ಆದರೆ ಅವನನ್ನು ಕರೆಸಿದವರು ಯಾರು?



ನೀವು ಬೆಂಗಳೂರಿಗೆ ಒಂದಲ್ಲ ಒಂದು ಸಲ ಬಂದೇ ಇರುತ್ತೀರಿ. ಜಮೀನಿನ ಕೇಸಿಗೋ, ಆಸ್ಪತ್ರೆಗೋ, ಇಲ್ಲವೆ ಬೆಲೆ ಕೇಳುವ ಮೆರವಣಿಗೆಗೋ ಬಂದವರು, ಬಿಸಿಲಿಗೆ ದಣಿದು ಕಬ್ಬನ್ ಪಾರ್ಕಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿರುತ್ತೀರಿ. ಪಾರ್ಕಿಗೂ ಅವನ ಹೆಸರು, ರಸ್ತೆಗೂ ಅವನ ಹೆಸರು, ಪೇಟೆಗೂ ಅವನ ಹೆಸರು. ಈಗ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ನಾನು ಇನ್ನೂ ಹೈಸ್ಕೂಲು ಹುಡುಗನಾಗಿದ್ದಾಗ ನಮ್ಮಪ್ಪನ ಜೊತೆ ಕೋಗಿಲಿನಿಂದ ಹೊರಟು ಅಂಥ ಒಂದು ಮೆರವಣಿಗೆಗೆ ಹೋಗಿದ್ದೆ. ಹೈಕೋರ್ಟಿನ ಕೆಂಪು ಕಟ್ಟಡದ ಮುಂದೆ ಕುದುರೆ ಮೇಲೆ ಕೂತ ಒಬ್ಬ ದೊರೆಯ ಪ್ರತಿಮೆ ಇತ್ತು. ನಮ್ಮಪ್ಪ ಅದನ್ನು ನೋಡಿ, "ಯಾರ್ಲಾ ಇವನು?" ಅಂದ.

"ಕಬ್ಬನ್ ಸಾಹೇಬ ಕಣಪ್ಪ. ಮೈಸೂರು ರಾಜ್ಯ ಆಳಿದವನು. ಒಳ್ಳೆ ಆಡಳಿತಗಾರ ಅಂತ ಮೇಷ್ಟ್ರು ಹೇಳ್ತಾರೆ" ಅಂದೆ.

"ಒಳ್ಳೆಯವನಾದ್ರೆ ಕಂದಾಯ ತಗೊಳ್ತಿರಲಿಲ್ವೇನೋ?" ಅಂದ ನಮ್ಮಪ್ಪ. ಸುತ್ತ ಕೂತಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಉತ್ತರ ತಿಳಿಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇಷ್ಟು ವರ್ಷದಲ್ಲಿ ನಾನು ಓದಿದ್ದನ್ನೂ ಕೇಳಿದ್ದನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಹಳೇ ಕಥೆ ಅಂದುಕೊಂಡು ಪುಟ ತಿರುವಬೇಡಿ. ಇದರಲ್ಲಿ ನಿಮ್ಮ ಸಾಲದ ಲೆಕ್ಕವೂ ಇದೆ.

ಮಾರ್ಕ್ ಕಬ್ಬನ್ ನಮ್ಮ ಹಾಗೆ ಹಳ್ಳಿಗಾಡಿನವನೇ. ಇಂಗ್ಲೆಂಡಿನ ಪಕ್ಕದ ಸಮುದ್ರದಲ್ಲಿರುವ ಮ್ಯಾನ್ ಎಂಬ ಸಣ್ಣ ದ್ವೀಪದ ಒಬ್ಬ ಪಾದ್ರಿಯ ಮಗ. ತಾಯಿಯ ತಮ್ಮನೋ ಅಣ್ಣನೋ ಆಗಬೇಕಾದ ಕರ್ನಲ್ ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು, ಮೈಸೂರಿನ ಚರಿತ್ರೆ ಬರೆದವನು. ಸೋದರಮಾವನ ದಾರಿಯಲ್ಲೇ ಅಳಿಯನೂ 1800ರಲ್ಲಿ ಕಂಪನಿ ಸರ್ಕಾರದ ದಂಡಿಗೆ ಸೇರಿ ಮದರಾಸಿಗೆ ಬಂದ. ಮದುವೆ ಮಾಡಿಕೊಳ್ಳಲಿಲ್ಲ. 1834ರಲ್ಲಿ ಮೈಸೂರು ರಾಜ್ಯಕ್ಕೆ ಕಮೀಷನರ್ ಆದವನು 1861ರವರೆಗೆ ಅದೇ ಕುರ್ಚಿಯಲ್ಲಿ ಕೂತ. ಇಪ್ಪತ್ತೇಳು ವರ್ಷ! ಹೆಸರಿಗೆ ಕಮೀಷನರ್, ಕೆಲಸದಲ್ಲಿ ರಾಜ್ಯಪಾಲ, ದಿವಾನ, ಮುಖ್ಯಮಂತ್ರಿ ಎಲ್ಲವೂ ಅವನೇ. ಬೇಸಿಗೆ ಬಂದರೆ ನಂದಿ ಬೆಟ್ಟ ಹತ್ತುತ್ತಿದ್ದ. ಈಗ ನೆಹರೂ ನಿಲಯ ಅನ್ನುತ್ತೀವಲ್ಲ, ಅದೇ ಅವನ ತಂಪಿನ ಮನೆ.

ಹಾಗಾದರೆ ಅರಸರು ಎಲ್ಲಿ ಹೋದರು? ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದ್ದರು. ಅರಸರಿರುವಾಗಲೇ ಕಂಪನಿಯ ಒಬ್ಬ ದಂಡಿನ ಅಧಿಕಾರಿ ಬಂದು ರಾಜ್ಯದ ಬೀಗದ ಕೈ ಹಿಡಿಯುವಂಥ ಪರಿಸ್ಥಿತಿ ಹೇಗೆ ಬಂತು? ಪಾಠದ ಪುಸ್ತಕದಲ್ಲಿ ಕಬ್ಬನ್ ಇದ್ದಾನೆ, ಆದರೆ ಈ ಪ್ರಶ್ನೆಗೆ ಉತ್ತರ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಉತ್ತರ ಇಷ್ಟೇ: ರೈತರು ಎದ್ದರು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಐದು ವರ್ಷದ ಹುಡುಗ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿ ಒಂದು ಕರಾರು ಬರೆಸಿಕೊಂಡಿತು. ವರ್ಷಕ್ಕೆ 7 ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಕಂಪನಿಗೆ ಪೊಗದಿ ಕಟ್ಟಬೇಕು. ಮಳೆ ಬರಲಿ ಬಿಡಲಿ, ಬೆಳೆ ಆಗಲಿ ಬಿಡಲಿ, ಅದು ಕಟ್ಟಲೇಬೇಕು. ಪೂರ್ಣಯ್ಯನವರು ದಿವಾನರಾಗಿದ್ದಷ್ಟು ದಿನ ಬೊಕ್ಕಸ ತುಂಬಿಯೇ ಇತ್ತು. ಅವರ ಕಾಲ ಮುಗಿದ ಮೇಲೆ ಅರಮನೆಯ ಖರ್ಚು ಏರಿತು, ಸಾಲ ಬೆಳೆಯಿತು, ಬೊಕ್ಕಸ ಬರಿದಾಯಿತು. ಆಗ ಬಲಕ್ಕೆ ಬಂದದ್ದು ಶರತ್ತು ಪದ್ಧತಿ.

ಶರತ್ತು ಅಂದರೆ ಏನು? ಒಂದು ತಾಲ್ಲೂಕಿನ ಅಮಲ್ದಾರಿಕೆ ಬೇಕು ಅನ್ನುವವನು, "ನನ್ನ ತಾಲ್ಲೂಕಿನಿಂದ ಇಷ್ಟು ಹಣ ಸರ್ಕಾರಕ್ಕೆ ಕಟ್ಟೇ ಕಟ್ಟುತ್ತೇನೆ" ಅಂತ ಬರೆದುಕೊಡಬೇಕು. ಹೆಚ್ಚು ಬಂದರೆ ಲೆಕ್ಕ ಒಪ್ಪಿಸಬೇಕು, ಕಡಿಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಜಾತ್ರೆಯಲ್ಲಿ ಅಂಗಡಿ ಜಾಗ ಹರಾಜು ಹಿಡಿದವನು ಏನು ಮಾಡುತ್ತಾನೆ? ಹಾಕಿದ ಹಣಕ್ಕೆ ಎರಡರಷ್ಟು ಗೋರಿಕೊಳ್ಳುತ್ತಾನೆ. ಅಮಲ್ದಾರನೂ ಅದನ್ನೇ ಮಾಡಿದ. ತಾಲ್ಲೂಕಿಗೆ ಬಂದ ದಿನದಿಂದ ಅವನ ಕಣ್ಣು ರೈತನ ಕಣದ ಮೇಲೆ. ಅವನ ಕೆಳಗಿನವರ ಕಣ್ಣು ರೈತನ ಕೊಟ್ಟಿಗೆ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೀವಿ. ಇಲ್ಲಿ ದೇವರೂ ವರ ಕೊಡಲಿಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಬೆಲೆಯ ಲೆಕ್ಕ ಹಾಕುವ ನಾವು ಅದನ್ನು ಮರೆಯಬಾರದು. 1820ರ ದಶಕದ ನಡುವಿನಿಂದ ದಕ್ಷಿಣ ಸೀಮೆಯಲ್ಲೆಲ್ಲ ದವಸದ ಬೆಲೆ ಇಳಿಯುತ್ತಾ ಹೋಯಿತು. ಕಂದಾಯ ಮಾತ್ರ ಇಳಿಯಲಿಲ್ಲ. ಹಿಂದೆ ಹತ್ತು ಮೂಟೆ ಮಾರಿ ಕಟ್ಟುತ್ತಿದ್ದ ಕಿಸ್ತಿಗೆ ಹದಿನೈದು ಮೂಟೆ ಮಾರಬೇಕು ಅಂದರೆ, ಕಾಗದದ ಮೇಲೆ ಒಂದು ಕಾಸೂ ಏರಿಸದೆ ಕಂದಾಯ ಒಂದೂವರೆ ಪಟ್ಟು ಏರಿಸಿದ ಹಾಗೆ. ಇದನ್ನು ಇವತ್ತಿನ ಯಾವ ಟೊಮ್ಯಾಟೊ ಬೆಳೆಗಾರನಿಗೂ ಬಿಡಿಸಿ ಹೇಳಬೇಕಾಗಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ಸಿಡಿದರು. ನಗರ ಅಂದರೆ ಈ ಬೆಂಗಳೂರು ನಗರ ಅಲ್ಲ, ಶಿವಮೊಗ್ಗ ಕಡೆಯ ಬಿದನೂರು ನಗರ. ಊರೂರಿನ ರೈತರು ಒಂದು ಕಡೆ ಸೇರಿ ಕೂಟ ಕಟ್ಟಿದರು. ಕೂಟ! ಆ ಮಾತನ್ನು ನೆನಪಿಟ್ಟುಕೊಳ್ಳಿ. ಕಂದಾಯ ಕೊಡುವುದಿಲ್ಲ ಅಂದರು. ನಮ್ಮ ದೂರು ಕೇಳಿ ಅಂದರು. ಅವರ ಜೊತೆ ತರೀಕೆರೆಯ ಪಾಳೆಯಗಾರರ ಮನೆಯವರು ಸೇರಿಕೊಂಡರು, ನಾನೇ ನಗರದ ಅರಸ ಅಂದ ಬೂದಿ ಬಸವಪ್ಪನೂ ಸೇರಿಕೊಂಡ. ಅವರವರಿಗೆ ಅವರವರ ಲೆಕ್ಕವಿತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಕಿಡಿಗೆ ಒಣಹುಲ್ಲು ಬೇಕಲ್ಲ. ಆ ಹುಲ್ಲು ಒಣಗಿಸಿದ್ದು ಶರತ್ತು ಪದ್ಧತಿ. ಅರಸರ ದಂಡು ಹೋಯಿತು, ಅದರ ಹಿಂದೆ ಕಂಪನಿ ದಂಡು ಹೋಯಿತು. ಸಿಕ್ಕವರನ್ನು ನೇಣಿಗೆ ಹಾಕಿದರು. 1831ರ ನಡುವಿನಲ್ಲಿ ನಗರದ ಕೋಟೆ ಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ರಾಜ್ಯ ಕೆಟ್ಟುಹೋಗಿದೆ ಅನ್ನುವ ಕಾರಣ ಕೊಟ್ಟು ಮೈಸೂರಿನ ಆಡಳಿತವನ್ನೇ ಕಂಪನಿ ಕೈಗೆ ತೆಗೆದುಕೊಂಡ. ದಂಗೆಗೆ ಕಾರಣವೇನು ಅಂತ ವಿಚಾರಿಸಲು ನಾಲ್ವರ ಒಂದು ಸಮಿತಿ ಮಾಡಿದರು. ಆ ನಾಲ್ವರಲ್ಲಿ ಒಬ್ಬ ಮಾರ್ಕ್ ಕಬ್ಬನ್. ರೈತನ ಗೋಳಿನ ಕಾಗದವನ್ನೆಲ್ಲ ಓದಿ ಮುಗಿಸಿದ ಮೇಲೆಯೇ ಅವನು ಕಮೀಷನರ್ ಕುರ್ಚಿಗೆ ಬಂದದ್ದು.

ಈಗ ಅವನು ಮಾಡಿದ ಕೆಲಸ ಹೇಳುತ್ತೇನೆ. ಕೊಡಬೇಕಾದ ಮರ್ಯಾದೆ ಕೊಡೋಣ.

ಮೊದಲನೆಯದು, ಚಿಲ್ಲರೆ ತೆರಿಗೆಗಳು. ಅವನ ಆಡಳಿತದಲ್ಲಿ ಕಿತ್ತುಹಾಕಿದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ ಎಷ್ಟು ಗೊತ್ತೆ? 769. ತಪ್ಪಾಗಿ ಓದಲಿಲ್ಲ ನೀವು, ಏಳುನೂರ ಅರವತ್ತೊಂಬತ್ತು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲ ಮಾಡಿಸಿದರೆ ತೆರಿಗೆ. ಒಂದು ಹಳ್ಳಿಯವರು, ಯಾವುದೋ ಕಾಲದಲ್ಲಿ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ತಾತಂದಿರು ಹುಡುಕಿಕೊಡಲಿಲ್ಲ ಅನ್ನುವ ತಪ್ಪಿಗೆ ತಲೆತಲಾಂತರ ತೆರಿಗೆ ಕಟ್ಟುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈ ಬೀಸಿಕೊಂಡು ನಡೆದರೆ ತೆರಿಗೆ. ಕೈಯನ್ನು ಮೈಗೆ ಒತ್ತಿಕೊಂಡೇ ಹೋಗಬೇಕಿತ್ತು. ಇವೆಲ್ಲ ಕಟ್ಟುಕಥೆಯಲ್ಲ, ಸರ್ಕಾರದ ಲೆಕ್ಕದಲ್ಲಿ ರಾಜ್ಯದ ಆದಾಯ ಅಂತ ಬರೆದಿಟ್ಟಿದ್ದ ಬಾಬುಗಳು. ಊರೂರಿನ ಕಟ್ಟೆಯಲ್ಲಿ ಹೇರು ಇಳಿಸಿ ಬಿಚ್ಚಿ ನೋಡಿ ವಸೂಲು ಮಾಡುತ್ತಿದ್ದ ಹಾಲತ್ ಸುಂಕವೂ ಅವನ ಕಾಲದಲ್ಲಿ ಬಹುಪಾಲು ಹೋಯಿತು.

ಎರಡನೆಯದು, ಕಿಸ್ತು. ನನ್ನ ಲೆಕ್ಕದಲ್ಲಿ ಅವನು ಮಾಡಿದ ದೊಡ್ಡ ಕೆಲಸ ಇದೇ. ರಸ್ತೆಯೂ ಅಲ್ಲ, ಕಚೇರಿಯೂ ಅಲ್ಲ. ಕಂದಾಯವನ್ನು ಐದು ಕಂತು ಮಾಡಿ, ಕಂತಿನ ದಿನವನ್ನು ಕೊಯ್ಲಿನ ಕಾಲಕ್ಕೆ ಹೊಂದಿಸಿದರು. ಕೇಳುವುದಕ್ಕೆ ಇದೇನು ಮಹಾ ಅನ್ನಿಸಬಹುದು. ಪೈರು ಇನ್ನೂ ಹಾಲುಗಾಳಿನಲ್ಲಿರುವಾಗ ಕಂದಾಯ ಕೇಳಿದರೆ ರೈತ ಎಲ್ಲಿಗೆ ಹೋಗುತ್ತಾನೆ? ಸಾಹುಕಾರನ ಜಗಲಿಗೆ. ಸಾಹುಕಾರ ಏನು ಕೇಳುತ್ತಾನೆ? ಬೆಳೆಯನ್ನೇ ಬರೆದುಕೊಡು ಅನ್ನುತ್ತಾನೆ. ಕಣಕ್ಕೆ ಬರುವ ಮೊದಲೇ ದವಸ ಬೇರೆಯವನದಾಯಿತು. ಕಂದಾಯದ ಮೊತ್ತದಲ್ಲಿ ಒಂದು ರೂಪಾಯಿ ಕಡಿಮೆ ಮಾಡದಿದ್ದರೂ, ಕೇಳುವ ದಿನವನ್ನು ಎರಡು ತಿಂಗಳು ಮುಂದಕ್ಕೆ ಹಾಕಿದರೆ ರೈತನ ಮನೆಯಲ್ಲಿ ಒಂದು ಕಣಜ ಉಳಿಯುತ್ತದೆ. ರೈತ ಸಾಲಗಾರನಾಗುವುದು ಎಷ್ಟು ಕೊಡಬೇಕು ಅನ್ನುವುದರಿಂದ ಮಾತ್ರ ಅಲ್ಲ ಸ್ವಾಮಿ, ಯಾವತ್ತು ಕೊಡಬೇಕು ಅನ್ನುವುದರಿಂದಲೂ.

ಮೂರನೆಯದು, ಬಟಾಯಿ. ಬೆಳೆದ ಬೆಳೆಯಲ್ಲೇ ಸರ್ಕಾರಕ್ಕೆ ಪಾಲು ಕೊಡುವ ಪದ್ಧತಿ ಅದು. ಅಳೆಯುವವನು ಬರುವ ತನಕ ರಾಶಿ ಮುಟ್ಟುವ ಹಾಗಿಲ್ಲ. ಮಳೆ ಬಂದು ರಾಶಿ ಮೊಳಕೆ ಒಡೆದರೂ ಕಾಯಬೇಕು. ಬಂದವನ ಕೈಗೆ ಒಂದಿಷ್ಟು ಸುರಿಯಬೇಕು. ಕಬ್ಬನ್ ಕಾಲದಲ್ಲಿ ಈ ಬಟಾಯಿ ಕಡಿಮೆಯಾಗಿ ಹಣದ ಕಂದಾಯ ಹೆಚ್ಚುತ್ತಾ ಬಂತು. ಕಾಯುವ ಗೋಳು ತಪ್ಪಿತು. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಪಾಲಿನ ಪದ್ಧತಿಯಲ್ಲಿ ಬೆಳೆ ಹೋದರೆ ಸರ್ಕಾರದ ಪಾಲೂ ಹೋಗುತ್ತಿತ್ತು, ಬೆಲೆ ಬಿದ್ದರೆ ಸರ್ಕಾರಕ್ಕೂ ನಷ್ಟ ಇತ್ತು. ಹಣದ ಪದ್ಧತಿಯಲ್ಲಿ ಸರ್ಕಾರ ದಡದ ಮೇಲೆ ನಿಂತಿತು, ಹೊಳೆಗೆ ಇಳಿದವನು ರೈತ ಒಬ್ಬನೇ.

ನಾಲ್ಕನೆಯದು ರಸ್ತೆ. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಮೇಲೆ ಸೇತುವೆ ಆದವು. ಎತ್ತಿನ ಬೆನ್ನ ಮೇಲೆ ಹೇರು ಹೊತ್ತು ಹೋಗುತ್ತಿದ್ದ ಕಡೆ ಗಾಡಿ ಓಡಾಡಿದವು. ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಅಂತ ನಾಲ್ಕು ವಿಭಾಗ ಮಾಡಿದರು. ಲಂಚದ ಅಮಲ್ದಾರನ ಮೇಲೆ ದೂರು ಬರೆದರೆ ಓದುವವನು ಒಬ್ಬ ಇದ್ದಾನೆ ಅನ್ನುವ ಭಯ ಕೆಳಗಿನವರಿಗೆ ಬಂತು.

ಹಾಗಾದರೆ ನಮ್ಮಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಕಬ್ಬನ್ ಒಳ್ಳೆಯವನೇ? ಒಳ್ಳೆಯವನೇ. ಆದರೆ ಈಗ ಅವನ ಲೆಕ್ಕದ ಪುಸ್ತಕದ ಇನ್ನೊಂದು ಪುಟ ತಿರುವೋಣ. ಅವನು ಬಂದ ಕಾಲಕ್ಕೆ ರಾಜ್ಯದ ಹುಟ್ಟುವಳಿ ವರ್ಷಕ್ಕೆ ನಲವತ್ತು ಚಿಲ್ಲರೆ ಲಕ್ಷ ರೂಪಾಯಿ. ಹೋಗುವ ಕಾಲಕ್ಕೆ ಅದು ಎಂಬತ್ತು ಲಕ್ಷ ದಾಟಿತ್ತು. ತೆರಿಗೆ ಕಿತ್ತುಹಾಕಿಯೂ ಆದಾಯ ಹೆಚ್ಚುಕಡಿಮೆ ಎರಡರಷ್ಟಾಯಿತು! ಹಸುವಿಗೆ ಹೊಡೆದು ಹಾಲು ಕರೆಯುವವನು ಒಬ್ಬ, ಹಿಂಡಿ ಹಾಕಿ ಮೈ ಸವರಿ ಕರೆಯುವವನು ಇನ್ನೊಬ್ಬ. ಎರಡನೆಯವನೇ ಮೇಲು, ಅನುಮಾನವಿಲ್ಲ. ಆದರೆ ಬಿಂದಿಗೆ ಹೊತ್ತುಕೊಂಡು ಹೋಗುವವರು ಇಬ್ಬರ ಕಾಲದಲ್ಲೂ ಒಬ್ಬರೇ. ಆ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿ ಕಬ್ಬನ್ ಕಾಲದಲ್ಲಿ ಒಂದು ವರ್ಷವೂ ತಪ್ಪದೆ ಕಂಪನಿಗೆ ಸಂದಿತು. ರೈತ ದಂಗೆ ಎದ್ದದ್ದು ಯಾವ ಹೊರೆಯ ಕೆಳಗೋ ಆ ಹೊರೆಯ ಬುಡದ ಕಲ್ಲು ಅಲ್ಲಾಡಲೇ ಇಲ್ಲ. ಮೇಲಿನ ಜಲ್ಲಿಯನ್ನು ಮಾತ್ರ ಗುಡಿಸಿದರು.

ಅವನಿಗೆ ಸ್ವಾಭಿಮಾನ ಇರಲಿಲ್ಲ ಅನ್ನಬೇಡಿ. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಕೈಕೆಳಗೆ ಹಾಕುವ ಆಜ್ಞೆ ಬಂದಾಗ ಅರಸರು ವಿರೋಧಿಸಿದರು, ಮುದುಕ ಕಬ್ಬನ್ ಕೂಡ ರಾಜೀನಾಮೆ ಕೊಡುತ್ತೇನೆ ಅಂದ. ಆಜ್ಞೆ ವಾಪಸ್ಸಾಯಿತು. 1861ರಲ್ಲಿ ಮೈಗೆ ಹುಷಾರಿಲ್ಲದೆ ಕೆಲಸ ಬಿಟ್ಟು ತನ್ನ ದ್ವೀಪಕ್ಕೆ ಹೊರಟವನು, ಅರ್ಧ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅರವತ್ತೊಂದು ವರ್ಷದ ಮೇಲೆ ಊರಿಗೆ ಹೋದದ್ದು ಅವನ ಹೆಣ. 1866ರಲ್ಲಿ ಪ್ರತಿಮೆ ನಿಲ್ಲಿಸಿದರು.

ಆ ಪ್ರತಿಮೆ ನಿಂತು ಹತ್ತು ವರ್ಷಕ್ಕೆ ಏನಾಯಿತು? 1876ರಿಂದ 78ರ ಬರ. ಮೈಸೂರು ರಾಜ್ಯ ಒಂದರಲ್ಲೇ ಸುಮಾರು ಹತ್ತು ಲಕ್ಷ ಜನ ಇಲ್ಲವಾದರು. ಐದು ಜನರಲ್ಲಿ ಒಬ್ಬ ಅನ್ನಿ. ಕಬ್ಬನ್ ಹಾಕಿಸಿದ ರಸ್ತೆ ಇತ್ತು, ಆಮೇಲೆ ಬಂದ ರೈಲೂ ಇತ್ತು. ಮದರಾಸಿನಿಂದ ರೈಲಿನಲ್ಲಿ ದವಸ ಬೆಂಗಳೂರಿಗೆ ಬಂತು. ಕೊಳ್ಳುವುದಕ್ಕೆ ಹಳ್ಳಿಯವನ ಸೊಂಟದಲ್ಲಿ ಕಾಸಿರಲಿಲ್ಲ. ಒಳ್ಳೆಯ ಆಡಳಿತ ರಾಜ್ಯದ ಬೊಕ್ಕಸಕ್ಕೆ ಉಳಿತಾಯ ತೋರಿಸಿತ್ತು, ರೈತನ ಕಣಜದಲ್ಲಿ ಎರಡು ವರ್ಷದ ಬರ ತಡೆಯುವಷ್ಟು ಉಳಿಸಿರಲಿಲ್ಲ. ಇದನ್ನು ಕಬ್ಬನ್ ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ, ಅವನು ಸತ್ತು ಹದಿನೈದು ವರ್ಷ ಆಗಿತ್ತು. ಆದರೆ ಒಬ್ಬ ಒಳ್ಳೆಯ ದೊರೆಯಿಂದ ರೈತನಿಗೆ ಎಷ್ಟರ ಮಟ್ಟಿಗೆ ರಕ್ಷಣೆ ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅವನ ಇಪ್ಪತ್ತೇಳು ವರ್ಷದಲ್ಲಿ ಒಂದು ಕೆಲಸ ಮಾತ್ರ ಆಗಲೇ ಇಲ್ಲ. ರೈತ ಎದ್ದು ನಿಂತು, "ಇದು ನನಗೆ ಆಗುವುದಿಲ್ಲ" ಅನ್ನುವುದಕ್ಕೆ ಒಂದು ಜಾಗ ಇರಲಿಲ್ಲ. ಅರ್ಜಿ ಬರೆಯಬಹುದಿತ್ತು, ದೊರೆ ದಯೆ ತೋರಬಹುದಿತ್ತು, ಅಷ್ಟೇ. ರಾಜ್ಯ ಅರಸರಿಗೆ ವಾಪಸ್ಸಾದ 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಕರೆದಾಗ, ಜಮೀನ್ದಾರರೂ ವರ್ತಕರೂ ಸೇರಿ 144 ಜನ ಮೊದಲ ಬಾರಿಗೆ ಸರ್ಕಾರದ ಮುಂದೆ ಕೂತರು. ಹೇಳಿಕೊಳ್ಳುವ ಹಕ್ಕು ಇತ್ತು, ತೀರ್ಮಾನ ಮಾಡುವ ಹಕ್ಕು ಇರಲಿಲ್ಲ. ಅಷ್ಟಾದರೂ ಬಂತಲ್ಲ. ಅದಕ್ಕೂ ಐವತ್ತು ವರ್ಷ ಮೊದಲು ನಗರದ ರೈತರು ಸರ್ಕಾರವನ್ನು ಕೇಳದೆ ತಮ್ಮ ಸಭೆಯನ್ನು ತಾವೇ ಕರೆದುಕೊಂಡಿದ್ದರು. ಅದರ ಹೆಸರೇ ಕೂಟ.

ಈಗ ನಮ್ಮ ಕಾಲಕ್ಕೆ ಬರೋಣ. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಒಂದು ಸೊಸೈಟಿಯಲ್ಲಿ ಬೆಳೆಸಾಲ ತೆಗೆದಿದ್ದ. ಯಾವ ಸೊಸೈಟಿ ಅನ್ನುವುದು ಬೇಡ, ಆ ಕಾಲದಲ್ಲಿ ಎಲ್ಲ ಕಡೆಯೂ ಒಂದೇ ರಾಗ. ರಾಗಿ ಕೊಯ್ದು ಮೆದೆ ಹಾಕಿದ್ದೆವು, ಇನ್ನೂ ಕಣ ಮಾಡಿರಲಿಲ್ಲ. ವಾಯಿದೆ ಮುಗಿಯಿತು. ನೋಟೀಸು ಬಂತು, ಅದರ ಹಿಂದೆ ಜಪ್ತಿಯ ಮಾತು ಬಂತು. ಊರ ಮುಂದೆ ಮನೆ ಬಾಗಿಲು ಕೀಳಿಸಿಕೊಳ್ಳುವ ಅವಮಾನಕ್ಕೆ ಹೆದರಿ ನಮ್ಮಪ್ಪ ಮಂಡಿಯವನನ್ನು ಕಣಕ್ಕೇ ಕರೆದು, ಅವನು ಹೇಳಿದ ರೇಟಿಗೆ ಅಳೆದುಕೊಟ್ಟ. ಆಷಾಢಕ್ಕೆ ನಮ್ಮ ಮನೆಯಲ್ಲೇ ರಾಗಿ ಮುಗಿಯಿತು. ಅದೇ ಮಂಡಿಗೆ ಹೋಗಿ, ನಾವೇ ಬೆಳೆದ ರಾಗಿಯನ್ನು ಹೆಚ್ಚು ಬೆಲೆ ಕೊಟ್ಟು ತಂದೆವು. ಆ ಮೂಟೆ ಹೊತ್ತವನು ನಾನು. ಅದರ ತೂಕ ಇನ್ನೂ ಹೆಗಲ ಮೇಲಿದೆ.

ಸಾವಿರದ ಎಂಟುನೂರ ಮೂವತ್ತು ನಲವತ್ತರಲ್ಲಿ ಪರದೇಶದ ದಂಡಿನವನೊಬ್ಬನಿಗೆ ಅರ್ಥವಾದ ಮಾತು ಸ್ವರಾಜ್ಯ ಬಂದ ಮೇಲೆ ನಮ್ಮವರಿಗೇ ಯಾಕೆ ಮರೆತುಹೋಯಿತು? ಕಂತು ಕಣದ ಹಿಂದೆ ಬರಬೇಕು, ಮುಂದೆ ಬರಬಾರದು. ಇವತ್ತು ಸಹಕಾರಿ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಇದೆ, ಸಂತೋಷ. ಆದರೆ ವಾಯಿದೆ ಒಳಗೆ ಕಟ್ಟಿದವನಿಗೆ ಮಾತ್ರ ಅದು ಬಡ್ಡಿಯಿಲ್ಲದ ಸಾಲ. 2025-26ರ ಹಂಗಾಮಿಗೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಹೇಳಿದರು, ಅದೂ ಸಂತೋಷ. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆದು, ಸರದಿ ಬಂದು, ಮೂಟೆ ತೂಗಿ, ಹಣ ಖಾತೆಗೆ ಬೀಳುವ ತನಕ ತಡೆಯುವ ಶಕ್ತಿ ಯಾರಿಗಿದೆ? ಸಾಲ ಇಲ್ಲದವನಿಗೆ. ವಾಯಿದೆ ಕುತ್ತಿಗೆಗೆ ಬಂದವನು ಅದಕ್ಕೂ ಮೊದಲೇ ಮಾರಿಕೊಂಡಿರುತ್ತಾನೆ. ಬೆಂಬಲ ಬೆಲೆ ಯಾರಿಗೆ ಹೆಚ್ಚು ಬೇಕೋ ಅವನ ಕೈಗೆ ಸಿಗದೆ, ಅವನಿಂದ ಕೊಂಡವನ ಕೈಗೆ ಸಿಗುತ್ತದೆ.

ಕೆಲವರು ಹೇಳುತ್ತಾರೆ: "ಅದೆಲ್ಲ ಸರಿ ಗೌಡ್ರೇ, ಒಬ್ಬ ಒಳ್ಳೆ ಅಧಿಕಾರಿ ಬಂದ್ರೆ ಎಲ್ಲ ಸರಿಹೋಗುತ್ತೆ. ಕಬ್ಬನ್ ಥರದವನು ಒಬ್ಬ ಬರಲಿ." ಈ ಮಾತನ್ನು ನಾನು ಜಗಲಿ ಕಟ್ಟೆಯಲ್ಲಿ ನೂರು ಸಲ ಕೇಳಿದ್ದೇನೆ. ಅವರಿಗೆ ನನ್ನ ಉತ್ತರ ಇದು. ಒಳ್ಳೆಯ ಅಧಿಕಾರಿ ಬರಲಿ, ಬೇಡ ಅನ್ನುವವರು ಯಾರು? ಆದರೆ 1834ರಲ್ಲಿ ಕಬ್ಬನ್ ಸುಮ್ಮನೆ ಬರಲಿಲ್ಲ. 1830ರ ಕೂಟ ನಡೆಯದೆ ಇದ್ದಿದ್ದರೆ ಆ 769 ತೆರಿಗೆಯ ಪಟ್ಟಿಯನ್ನು ಯಾರು ಬಿಚ್ಚಿ ನೋಡುತ್ತಿದ್ದರು? ಕುದುರೆ ಹುಡುಕದ ತಪ್ಪಿಗೆ ಆ ಹಳ್ಳಿಯವರು ಇನ್ನೆಷ್ಟು ತಲೆಮಾರು ಕಟ್ಟುತ್ತಿದ್ದರೋ! ಕಂಪನಿಗೆ ರೈತನ ಮೇಲೆ ಪ್ರೀತಿ ಉಕ್ಕಿ ಬರಲಿಲ್ಲ, ಇನ್ನೊಂದು ನಗರ ದಂಗೆ ಆದರೆ ಪೊಗದಿ ನಿಂತುಹೋಗುತ್ತದೆ ಅನ್ನುವ ಭಯ ಬಂತು. ಪ್ರತಿಮೆ ಕಬ್ಬನ್‌ಗೆ ನಿಂತಿತು. ನೇಣಿಗೆ ಹೋದ ರೈತನ ಹೆಸರು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆಮೇಲೂ ಹೀಗೆಯೇ ನಡೆದಿದೆ. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಸುಧಾರಣಾ ತೆರಿಗೆ ಕಟ್ಟಿ ಅಂದಾಗ, 1980ರ ಜುಲೈನಲ್ಲಿ ನವಲಗುಂದ, ನರಗುಂದದ ರೈತರು ಎದ್ದರು, ಗುಂಡು ತಿಂದರು. ಅದರ ಬಿಸಿ ತಾಗಿದ ಮೇಲೆಯೇ ರೈತನ ಜೊತೆ ಮರ್ಯಾದೆಯಿಂದ ಮಾತಾಡುವುದನ್ನು ಸರ್ಕಾರ ಕಲಿತದ್ದು. ನಮ್ಮ ಪಕ್ಕದ ದೇವನಹಳ್ಳಿಯನ್ನೇ ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಬೇಕು ಅಂದರು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತಲ್ಲಿಂದ ಏಳಲಿಲ್ಲ. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟೆವು ಅಂದಿತು. ಕೈಬಿಟ್ಟವರಿಗೆ ಹಾರ ಬಿತ್ತು. ಬೀಳಲಿ. ಆದರೆ ಮೂರು ವರ್ಷ ಬಿಸಿಲಲ್ಲಿ ಕೂತ ಹೆಂಗಸರ ಬೆನ್ನನ್ನು ನಾವಾದರೂ ಮರೆಯಬಾರದು.

ನಮ್ಮ ಕೋಗಿಲಿಗೆ ಆ ಬುದ್ಧಿ ತಡವಾಗಿ ಬಂತು. ನಮ್ಮೂರ ಹತ್ತಿರದ ಬಳ್ಳಾರಿ ರಸ್ತೆಯಲ್ಲಿ ಈಗ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳು ನಿಲ್ಲದೆ ಓಡುತ್ತವೆ. ರಸ್ತೆ ಬಂದಾಗ ನಮ್ಮ ಬೆಳೆಗೆ ಬೆಲೆ ಬರುತ್ತದೆ ಅಂದುಕೊಂಡೆವು, ಬೆಲೆ ಬಂದದ್ದು ನೆಲಕ್ಕೆ. ಒಬ್ಬೊಬ್ಬರಾಗಿ ಮಾತಾಡಿಕೊಂಡು, ಒಬ್ಬೊಬ್ಬರಾಗಿ ಸಹಿ ಹಾಕಿದೆವು. ಈಗ ಉಳುವ ಹೊಲ ಉಳಿಸಿಕೊಂಡವರನ್ನು ಬೆರಳಲ್ಲಿ ಎಣಿಸಬಹುದು. ನನ್ನದು ಒಂದೂವರೆ ಎಕರೆ ಉಳಿದಿದೆ, ಸುತ್ತ ಮನೆಗಳು. ರಾಗಿ ತೆನೆ ಬಿಟ್ಟಾಗ ಅಪಾರ್ಟ್‌ಮೆಂಟಿನ ಮಕ್ಕಳು ಬೇಲಿ ಹತ್ತಿರ ಬಂದು ಇದೇನು ಗಿಡ ಅಂತ ಕೇಳುತ್ತವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನಮ್ಮದು. ನಿಮ್ಮ ಬಾಗಿಲು ಇನ್ನೂ ನಿಮ್ಮ ಕೈಯಲ್ಲಿದೆ.

ಅದಕ್ಕೇ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ನಿಮ್ಮೂರಿನಲ್ಲಿ ಒಂದು ಪಟ್ಟಿ ಬರೆಯಿರಿ. ಪಹಣಿಯಿಂದ ಹಿಡಿದು ಖರೀದಿ ಕೇಂದ್ರದ ತೂಕದವರೆಗೆ, ಖಾತೆ ಬದಲಾವಣೆ, ಪೋಡಿ, ಸರ್ವೆ, ಹಮಾಲಿ, ಜರಡಿ, ಕಡತ, ಮಾಮೂಲು ಅಂತ ಒಂದು ವರ್ಷದಲ್ಲಿ ನಿಮ್ಮ ಕೈಯಿಂದ ರಸೀದಿ ಇದ್ದೂ ಇಲ್ಲದೆಯೂ ಹೋದ ಬಾಬುಗಳೆಷ್ಟು ಅಂತ ಒಬ್ಬ ಓದಿದ ಹುಡುಗನನ್ನು ಕೂರಿಸಿ ಬರೆಸಿ. 769 ಆಗದಿರಬಹುದು. ಆದರೆ ಎಣಿಸಿ ನೋಡುವ ತನಕ ನಿಮಗೂ ತಿಳಿಯುವುದಿಲ್ಲ, ಸರ್ಕಾರಕ್ಕೂ ತಿಳಿಯುವುದಿಲ್ಲ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡವಳಿಯಲ್ಲಿ ಬರೆಸಿ.

ಎರಡು, ನಿಮ್ಮ ಸೊಸೈಟಿಯ ಮಹಾಸಭೆಗೆ ತಪ್ಪದೆ ಹೋಗಿ ಒಂದೇ ಬೇಡಿಕೆ ಇಡಿ: ಸಾಲದ ವಾಯಿದೆ ಖರೀದಿ ಕೇಂದ್ರದ ಹಣ ಖಾತೆಗೆ ಬಿದ್ದ ಮೇಲೆ ಇರಲಿ. ಬಡ್ಡಿ ಮನ್ನಾ, ಸಾಲ ಮನ್ನಾ ಅಂತ ಚುನಾವಣೆಗೊಂದು ಸಲ ಕೇಳುವ ಮಾತು ಬೇರೆ, ಇದು ಪ್ರತಿ ವರ್ಷ ಬಿಗಿಯುವ ಕುಣಿಕೆ ಸಡಿಲ ಮಾಡುವ ಮಾತು. ಇದಕ್ಕೆ ಸರ್ಕಾರಕ್ಕೆ ದೊಡ್ಡ ಖರ್ಚಿಲ್ಲ. ಕಬ್ಬನ್‌ಗೂ ಆಗಿರಲಿಲ್ಲ.

2020ರಲ್ಲಿ ಆ ಪ್ರತಿಮೆಯನ್ನು ಹೈಕೋರ್ಟಿನ ಮುಂದಿನಿಂದ ಎತ್ತಿ ಪಾರ್ಕಿನ ಒಳಕ್ಕೆ ಇಟ್ಟಿದ್ದಾರೆ. ನಮ್ಮಪ್ಪ ಈಗಿಲ್ಲ. ಮುಂದಿನ ಸಲ ನೀವು ಮೆರವಣಿಗೆಗೆ ಬಂದು ಅಲ್ಲಿ ಬುತ್ತಿ ಬಿಚ್ಚಿದಾಗ ನಿಮ್ಮ ಜೊತೆ ಬಂದ ಹುಡುಗ "ಯಾರಪ್ಪಾ ಇವನು?" ಅಂತ ಕೇಳಿದರೆ, ಹೀಗೆ ಹೇಳಿ: "ಇವನು ಕಬ್ಬನ್ ಸಾಹೇಬ. ರೈತರು ಕೂಟ ಕಟ್ಟಿದ್ದಕ್ಕೆ ಬಂದವನು."